ಅಷ್ಟು ದೊಡ್ಡ ನಾಯಿಗೂ ಚಳಿ ಆಗತ್ತಾ?

ಪ್ರಶ್ನೆ: ನಮ್ ನಾಯಿ ಸುಮಾರು 40 ಕೆಜಿ ಇದೆ, ಮೊದ್ಲಿಂದ್ಲೂ ಹೊರಗೇ ಮಲಗಿ ಅಭ್ಯಾಸ, ಒಳಗೆ ಕರ್ಕೊಂಡ್ರೆ ಸ್ವಲ್ಪ ಹೊತ್ತಿಗೇ ಬಾಗಿಲ ಹತ್ರ ಹೋಗಿ ನಿಂತ್ಕೊಳತ್ತೆ. ಚಳಿಗಾಲಕ್ಕೆ ಅಂತ ಒಳ್ಳೇ ದೊಡ್ಡ ಗೂಡು ಮಾಡಿಸಿ ದಪ್ಪ ಕಂಬಳಿ ಹಾಸಿದೀವಿ, ಆದ್ರೂ ರಾತ್ರಿ ಎದ್ದು ನೋಡಿದ್ರೆ ಮುದುರ್ಕೊಂಡು ನಡುಗ್ತಿರತ್ತೆ. ಇಷ್ಟು ದೊಡ್ಡ ಮೈಗೂ ಚಳಿ ಆಗತ್ತಾ? ಗೂಡಲ್ಲಿ ಹೀಟ್ ಬಲ್ಬ್ ಹಾಕ್ಲಾ?

ಉತ್ತರ: ಬಲ್ಬ್ ಬೇಡ, ದಯವಿಟ್ಟು. ಅಷ್ಟು ದೊಡ್ಡ ನಾಯಿ ಎದ್ದು ಒಂದ್ಸಲ ಮೈ ಕೊಡವಿದ್ರೆ ಬಲ್ಬ್ ಕೆಳಗೆ ಬೀಳಬಹುದು, ಕೆಳಗಿರೋದು ಕಂಬಳಿ, ಬೆಂಕಿ ಹತ್ಕೊಳೋಕೆ ಎಷ್ಟು ಹೊತ್ತು ಹೇಳಿ.

ನೀವು ಬರೆದಿರೋದು ನೋಡಿದ್ರೆ ತೊಂದ್ರೆ ಗೂಡಲ್ಲೇ ಇದೆ ಅನ್ಸತ್ತೆ. ಗೂಡನ್ನ ಬೆಚ್ಚಗೆ ಮಾಡೋದು ನಾಯಿ ಮೈಶಾಖ ಮಾತ್ರ, ಜಾಗ ಜಾಸ್ತಿ ಆದಷ್ಟೂ ಆ ಶಾಖ ಹರಡಿ ಹೋಗತ್ತೆ. ಎದ್ದು ನಿಲ್ಲೋಕೆ, ಒಂದು ಸುತ್ತು ತಿರುಗೋಕೆ, ಆರಾಮಾಗಿ ಮಲಗೋಕೆ ಆದ್ರೆ ಸಾಕು. ಹಾಗಂತ ಇರೋ ಗೂಡನ್ನ ಒಡೀಬೇಕಾಗಿಲ್ಲ, ನಡುವೆ ಒಂದು ಹಲಗೆ ಅಡ್ಡ ಹಾಕಿ ಒಳಗಡೆ ಪುಟ್ಟ ಕೋಣೆ ತರ ಮಾಡ್ಬಿಡಿ, ಗಾಳಿನೂ ನೇರ ಮೈಗೆ ಹೊಡೆಯಲ್ಲ. ಬಾಗಿಲು ಗಾಳಿ ಬೀಸೋ ಕಡೆ ಇರಬಾರ್ದು, ಅದಕ್ಕೊಂದು ದಪ್ಪ ರಬ್ಬರ್ ಶೀಟ್ ಇಳಿಬಿಡಿ. ಗೂಡಿನ ತಳ ನೆಲಕ್ಕೆ ತಾಗದ ಹಾಗೆ ಇಟ್ಟಿಗೆ ಮೇಲೆ ಕೂರಿಸಿ. ಮೇಲ್ಗಡೆ ಮಾತ್ರ ಸಣ್ಣದಾಗಿ ಗಾಳಿ ಆಡೋಕೆ ಸಂದು ಇರ್ಲಿ, ಇಲ್ಲಾಂದ್ರೆ ಉಸಿರಿನ ತೇವ ಒಳಗೇ ನಿಂತ್ಬಿಡತ್ತೆ.

ಇನ್ನು ಆ ಕಂಬಳಿ. ಬೆಳಿಗ್ಗೆ ಅದ್ರ ಮೇಲೆ ಅಂಗೈ ಒತ್ತಿ ನೋಡಿ, ತಣ್ಣಗೆ ತೇವ ತೇವ ಅನ್ಸಿದ್ರೆ ನಡುಕಕ್ಕೆ ಅದೂ ಒಂದು ಕಾರಣ, ಯಾಕಂದ್ರೆ ಬಟ್ಟೆ ನೀರು ಹೀರ್ಕೊಂಡು ಹಿಡಿದಿಟ್ಕೊಳತ್ತೆ, ಜಾಸ್ತಿ ಚಳಿ ಇರೋ ಕಡೆ ಗಟ್ಟಿಯಾಗಿ ಹೆಪ್ಪುಗಟ್ಟೂ ಬಿಡತ್ತೆ. ಒಣ ಹುಲ್ಲು ಧಾರಾಳವಾಗಿ ತುಂಬಿ. ನಾಯಿ ಅದ್ರಲ್ಲಿ ಕೆದಕಿ ಕೆದಕಿ ಗುಂಡಿ ಮಾಡ್ಕೊಂಡು ಮೂಗನ್ನ ಬಾಲದಡಿ ಸೇರಿಸಿ ಮಲಗತ್ತೆ, ಹುಲ್ಲಿನ ಸಂದಿಲೆಲ್ಲ ಬೆಚ್ಚಗಿನ ಗಾಳಿ ನಿಲ್ಲತ್ತೆ. ಆಗಾಗ ತಳದವರೆಗೂ ಕೈ ತೂರಿಸಿ ನೋಡಿ, ಒದ್ದೆ ಇದ್ರೆ ಪೂರ್ತಿ ಬದಲಾಯಿಸಿ.

ಮೈ ದೊಡ್ಡದಿದ್ರೆ ಶಾಖ ನಿಧಾನಕ್ಕೆ ಹೋಗತ್ತೆ ಅನ್ನೋದು ನಿಜ, ಆದ್ರೆ ಕೂದಲೂ ನೋಡ್ಬೇಕು. ಹಸ್ಕಿ, ಸೇಂಟ್ ಬರ್ನಾರ್ಡ್ ತರದವಕ್ಕೆ ಎರಡು ಪದರ ಇರತ್ತೆ, ಗ್ರೇಟ್ ಡೇನ್, ಡಾಬರ್‌ಮನ್‌ಗೆ ಗಾತ್ರ ಇದ್ರೂ ಗಿಡ್ಡ ತೆಳು ಕೂದಲು, ಅವನ್ನ ಗಡ್ಡೆಕಟ್ಟೋ ಚಳೀಲಿ ರಾತ್ರಿಯಿಡೀ ಹೊರಗೆ ಬಿಡೋದು ನಂಗಂತೂ ಒಪ್ಪಿಗೆ ಇಲ್ಲ. ನೀವು ತಳಿ ಬರೆದಿಲ್ಲ, ವಯಸ್ಸೂ ಬರೆದಿಲ್ಲ. ವಯಸ್ಸಾಗಿ ಕೀಲುನೋವು ಇದ್ರೆ ಎಂಥಾ ದಪ್ಪ ಕೂದಲಿದ್ರೂ ಒಳಗೇ ಇರ್ಲಿ. ಮತ್ತೆ ಕೂದಲು ಬುಡದವರೆಗೂ ನೆಂದ್ರೆ ಯಾವ ತಳಿಗೂ ಅದು ಕಾಪಾಡಲ್ಲ, ಮೊದ್ಲು ಚೆನ್ನಾಗಿ ಒರೆಸಿ.

ನಡುಗ್ತಿದೆ ಅಂದ್ರೆ ಮೈ ಇನ್ನೂ ಶಾಖ ಮಾಡ್ಕೊಳೋಕೆ ಒದ್ದಾಡ್ತಿದೆ ಅಂತ, ಆಗ್ಲೇ ಒಳಗೆ ಕರ್ಕೊಂಡ್ಬಿಡಿ. ಚಳೀಲಿದ್ದಾಗ್ಲೇ ನಡುಕ ನಿಂತು, ನಾಯಿ ಮಂಕಾಗಿ, ನಡಿಗೆ ತೂರಾಡ್ತಿದ್ರೆ ಅದು ನಿಜವಾದ ಅಪಾಯ. ನಾಯಿ ಮೈ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರತ್ತೆ, 37ಕ್ಕಿಂತ ಇಳಿದಿದ್ರೆ ತಕ್ಷಣ ವೆಟ್‌ಗೆ ಫೋನ್ ಮಾಡಿ, ಅಷ್ಟರಲ್ಲಿ ಒಣ ಬಟ್ಟೆ ಹೊದಿಸಿ, ಬಿಸಿನೀರಿನ ಬಾಟ್ಲಿನ ಟವೆಲಲ್ಲಿ ಸುತ್ತಿ ಪಕ್ಕಕ್ಕಿಡಿ. ಕಿವಿ ತುದಿ, ಬಾಲದ ತುದಿ ಬಿಳಚಿ ಗಟ್ಟಿಯಾಗಿದ್ರೆ ಉಜ್ಜಬೇಡಿ, ಚರ್ಮ ಇನ್ನಷ್ಟು ಹಾಳಾಗತ್ತೆ.

ಹೊರಗಿರೋ ನಾಯಿಗೆ ಚಳೀಲಿ ಊಟ ಸ್ವಲ್ಪ ಜಾಸ್ತಿ ಬೇಕು. ಕುಡಿಯೋ ನೀರು ಗಡ್ಡೆ ಕಟ್ಟಿದ್ಯಾ ಅಂತ ಆಗಾಗ ನೋಡ್ತಿರಿ.

ಒಳಗೆ ನಿಲ್ಲಲ್ಲ ಅಂದ್ರಲ್ಲ, ಹೊರಗೇ ಇದ್ದು ಅಭ್ಯಾಸ ಆಗಿರೋದ್ರಿಂದ ಮನೆ ಒಳಗಿನ ಬಿಸಿ ಅದಕ್ಕೆ ಸೆಕೆ ಅನ್ಸಬಹುದು. ತೀರಾ ಚಳಿ ಇರೋ ರಾತ್ರಿ ಗಾಳಿ ಬಾರದ ಶೆಡ್ಡೋ ಗ್ಯಾರೇಜೋ ಇದ್ರೆ ಅಲ್ಲಿ ಹುಲ್ಲು ಹಾಕಿ ಮಲಗಿಸಿ ನೋಡಿ. ಗ್ಯಾರೇಜಾದ್ರೆ ಒಂದು ಎಚ್ಚರಿಕೆ, ಕಾರಿಂದ ಸೋರೋ ಕೂಲಂಟಲ್ಲಿ, ಅಂದ್ರೆ ಎಂಜಿನ್ ತಂಪು ಮಾಡೋ ದ್ರವದಲ್ಲಿ, ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಇರತ್ತೆ, ರುಚಿ ಸಿಹಿ, ನಾಯಿ ನೆಕ್ಕಿದ್ರೆ ಕಿಡ್ನಿ ಹೋಗತ್ತೆ, ಹಾಗಾಗಿ ನೆಲದಲ್ಲಿ ಹನಿ ಕಂಡ್ರೂ ತೊಳೆದು ಒರೆಸಿ ಆಮೇಲೇ ನಾಯಿನ ಒಳಗೆ ಬಿಡಿ.