ರಾಟರ್‌ಡ್ಯಾಮ್ ಚಿತ್ರೋತ್ಸವಕ್ಕೆ ಹೋದರೆ ಹೆಸರೇ ಕೇಳದವರ ಸಿನಿಮಾ ನೋಡಿ

ಕೆಲಸಕ್ಕೆ ಅಂತ ಐಂಡ್‌ಹೋವನ್‌ಗೆ ಬಂದಿದ್ದೀರಿ. ರಾಟರ್‌ಡ್ಯಾಮ್ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ನಮ್ಮಂಥ ಸಾಮಾನ್ಯ ಪ್ರೇಕ್ಷಕರು ಹೋಗಬಹುದಾ, ಆರ್ಟ್ ಸಿನಿಮಾ ಅಂದ್ರೆ ನಿದ್ದೆ ಬರುತ್ತೆ ಅನ್ನೋರು ಅಲ್ಲಿ ಏನು ನೋಡಬೇಕು ಅಂತ ಕೇಳಿದ್ದೀರಿ.

ಧಾರಾಳವಾಗಿ ಹೋಗಿ. ನಾನೂ ಇಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ, ಜನವರಿ ಬಂತು ಅಂದ್ರೆ ಇದಕ್ಕೇ ಕಾಯುತ್ತೇನೆ. ಕಾನ್ ಚಿತ್ರೋತ್ಸವ ಹೆಚ್ಚಾಗಿ ಸಿನಿಮಾದವರಿಗೆ, ಪತ್ರಕರ್ತರಿಗೆ. ರಾಟರ್‌ಡ್ಯಾಮ್ ಊರಿನ ಜನರದ್ದು. ಟಿಕೆಟ್ ತಗೊಂಡ್ರೆ ಸಾಕು. ನಿಮ್ಮ ಪಕ್ಕ ರಿಟೈರ್ ಆದ ಮೇಷ್ಟ್ರು ಕೂತಿರಬಹುದು, ಕಾಲೇಜು ಹುಡುಗಿ ಕೂತಿರಬಹುದು. ನೋಡಿದವರು ಸಿನಿಮಾಗೆ ಅಂಕ ಕೊಡುತ್ತಾರೆ. ಅದರ ಮೇಲೆ ಪ್ರೇಕ್ಷಕರ ಪ್ರಶಸ್ತಿ ಯಾರಿಗೆ ಅನ್ನೋದು ತೀರ್ಮಾನ ಆಗುತ್ತದೆ.

ಏನು ನೋಡಬೇಕು ಅನ್ನೋದಕ್ಕೆ ನನ್ನದು ಒಂದೇ ಮಾತು. ದೊಡ್ಡ ನಿರ್ದೇಶಕರ ಹೆಸರು ಹುಡುಕಬೇಡಿ. ಅವರ ಸಿನಿಮಾ ಇವತ್ತಲ್ಲ ನಾಳೆ ಥಿಯೇಟರ್‌ಗೋ ಓಟಿಟಿಗೋ ಬಂದೇ ಬರುತ್ತೆ. ಮೊದಲನೇ ಸಿನಿಮಾ ಮಾಡಿದವರನ್ನ ಆರಿಸಿಕೊಳ್ಳಿ. ಅಂಥವುಗಳಲ್ಲಿ ಎಷ್ಟೋ ಸಿನಿಮಾ ಮತ್ತೆ ಕಣ್ಣಿಗೆ ಬೀಳೋದೇ ಇಲ್ಲ.

ಈ ಉತ್ಸವ ಹುಟ್ಟಿದ್ದೇ ಅಂಥವರಿಗಾಗಿ. 1972ರ ಜೂನ್‌ನಲ್ಲಿ ಹ್ಯೂಬ್ ಬಾಲ್ಸ್ ಎಂಬುವವರು ಇದನ್ನ ಶುರು ಮಾಡಿದರು. ಮೊದಲ ರಾತ್ರಿ ಬಂದಿದ್ದ ಪ್ರೇಕ್ಷಕರು ಬರೀ 17 ಜನ. ಉದ್ಘಾಟನೆಗೆ ಬಂದಿದ್ದ ನಗರಸಭೆಯವರು ಖಾಲಿ ಕುರ್ಚಿ ನೋಡಿ ಉದ್ಘಾಟನೆ ಮಾಡದೆ ವಾಪಸ್ ಹೋದರಂತೆ! ಬಾಲ್ಸ್ ಬಿಡಲಿಲ್ಲ. 1988ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಲ್ಲೇ ಒಂದು ನಿಧಿ ಆಯಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ನಿರ್ದೇಶಕರಿಗೆ ಅದು ಸ್ಕ್ರಿಪ್ಟ್ ಹಂತದಲ್ಲೇ ಹಣ ಕೊಡುತ್ತದೆ. ಕೈಯಲ್ಲಿ ಕಥೆ ಬಿಟ್ಟು ಬೇರೇನೂ ಇಲ್ಲದಾಗ ಯಾರೋ ನಂಬಿ ದುಡ್ಡು ಕೊಡುವುದು ಎಷ್ಟು ದೊಡ್ಡದು ಅಲ್ವಾ?

ಉತ್ಸವದ ಗುರುತು ಹುಲಿ. ಹೊಸ ನಿರ್ದೇಶಕರ ಸಿನಿಮಾಗೆ 1995ರಿಂದ ಟೈಗರ್ ಪ್ರಶಸ್ತಿ ಕೊಡುತ್ತಿದ್ದಾರೆ. ಕ್ರಿಸ್ಟೋಫರ್ ನೋಲನ್ ಗೊತ್ತಲ್ಲ? ಸ್ನೇಹಿತರನ್ನ ಸೇರಿಸಿಕೊಂಡು ವಾರಾಂತ್ಯಗಳಲ್ಲಿ ಶೂಟ್ ಮಾಡಿದ ಅವರ ಮೊದಲ ಸಿನಿಮಾ ‘ಫಾಲೋಯಿಂಗ್’ 1999ರಲ್ಲಿ ಇದೇ ಪ್ರಶಸ್ತಿ ಪಡೆಯಿತು. ಆಗ ಅವರ ಹೆಸರು ಕೇಳಿದ್ದವರು ಎಷ್ಟು ಜನ?

ಇನ್ನು ನಿದ್ದೆಯ ವಿಷಯ. 2021ರಲ್ಲಿ ಟೈಗರ್ ಗೆದ್ದ ತಮಿಳು ಸಿನಿಮಾ ‘ಕೂಳಾಂಗಲ್’ ನೋಡಿ. ಪಿ.ಎಸ್. ವಿನೋದ್‌ರಾಜ್ ಅವರ ಮೊದಲ ಚಿತ್ರ. ಕುಡುಕ ಅಪ್ಪ, ಶಾಲೆಗೆ ಹೋಗುವ ಮಗ. ತವರಿಗೆ ಹೋದ ಹೆಂಡತಿಯನ್ನ ಕರೆತರಲು ಅಪ್ಪ ಹೊರಡುತ್ತಾನೆ, ಮಗನನ್ನೂ ಎಳೆದುಕೊಂಡು ಹೋಗುತ್ತಾನೆ. ವಾಪಸ್ ಬರುವಾಗ ಇಬ್ಬರೂ ಸುಡುಬಿಸಿಲಲ್ಲಿ ನಡೆಯುತ್ತಾರೆ. ಬಾಯಾರಿಕೆ ತಡೆಯಲು ಹುಡುಗ ಒಂದು ಬೆಣಚುಕಲ್ಲು ಬಾಯಿಗೆ ಹಾಕಿಕೊಳ್ಳುತ್ತಾನೆ. ಕೊನೆಗೆ ಹೆಂಗಸರು ನೆಲದ ಗುಂಡಿ ಸುತ್ತ ಕೂತಿದ್ದಾರೆ. ತಳದಲ್ಲಿ ನೀರು ಒಸರಬೇಕು. ಒಸರಿದಷ್ಟನ್ನ ಮೊಗೆದು ಬಿಂದಿಗೆಗೆ ಹಾಕುತ್ತಾರೆ, ಮತ್ತೆ ಕಾಯುತ್ತಾರೆ. ಕ್ಯಾಮೆರಾನೂ ಕಾಯುತ್ತೆ, ನಾವೂ ಕಾಯಬೇಕು. ಒಂದು ಬಿಂದಿಗೆ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಮಾತಲ್ಲಿ ಹೇಳಿದ್ದರೆ ನನಗೆ ತಟ್ಟುತ್ತಿರಲಿಲ್ಲ. ಎಲ್ಲ ನಿಧಾನದ ಸಿನಿಮಾಗಳೂ ಚೆನ್ನಾಗಿರುತ್ತವೆ ಅಂತ ನಾನು ಹೇಳಲ್ಲ. ಸುಮ್ನೆ ಎಳೆಯುವವೂ ಇವೆ. ಆದರೆ ಈ ಸಿನಿಮಾಗೆ ಆ ನಿಧಾನ ಬೇಕೇ ಬೇಕು. ಇಡೀ ಚಿತ್ರ ಇರೋದು ಸುಮಾರು ಒಂದೂಕಾಲು ಗಂಟೆ ಅಷ್ಟೇ. ಉತ್ಸವಕ್ಕೆ ಮೊದಲು ಇದನ್ನ ಮನೆಯಲ್ಲೇ ನೋಡಿ. ಹಿಡಿಸಿದರೆ ರಾಟರ್‌ಡ್ಯಾಮ್ ನಿಮಗೆ ಖಂಡಿತ ಹಿಡಿಸುತ್ತೆ.

ಕನ್ನಡವೂ ಇಲ್ಲಿ ಗೆದ್ದಿದೆ. ‘ತಿಥಿ’ಯ ಕಥೆಯನ್ನ ರಾಮ್ ರೆಡ್ಡಿ ಜೊತೆ ಬರೆದ ಈರೇಗೌಡರು ನಿರ್ದೇಶಿಸಿದ ಮೊದಲ ಚಿತ್ರ ‘ಬಳೆಕೆಂಪ’ 2018ರಲ್ಲಿ ಇಲ್ಲಿ ಪ್ರದರ್ಶನ ಆಯಿತು. ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟ ಕೊಡುವ ಫಿಪ್ರೆಸ್ಕಿ ಪ್ರಶಸ್ತಿ ಅದಕ್ಕೆ ಬಂತು. ಬಳೆ ಮಾರುವವನು, ಅವನ ಹೆಂಡತಿ, ಮಕ್ಕಳು ಯಾಕಾಗಿಲ್ಲ ಅಂತ ಕೇಳುವ ಊರು. ನಮ್ಮ ಹಳ್ಳಿಯ ಕನ್ನಡ ಡಚ್ಚರ ಊರಲ್ಲಿ ದೊಡ್ಡ ಪರದೆ ಮೇಲೆ ಬಂತು ಅನ್ನೋದು ನನಗೆ ಇವತ್ತಿಗೂ ಹೆಮ್ಮೆ. ನಮ್ಮಲ್ಲಿ ಇದು ದೊಡ್ಡ ಸುದ್ದಿ ಆಗಬೇಕಿತ್ತು.

ಈಗ ಹೋಗುವ ಸಂಗತಿ. ಉತ್ಸವ ಜನವರಿ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗೆ. ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದರೆ ಸ್ಕೌಬರ್ಗ್‌ಪ್ಲೇನ್ ಚೌಕ ಐದು ನಿಮಿಷದ ನಡಿಗೆ. ಪಾತೆ ಥಿಯೇಟರ್ ಅಲ್ಲೇ ಇದೆ, ಡೆ ಡೂಲೆನ್ ಸಭಾಂಗಣವೂ ಅಲ್ಲೇ. ಮೊದಲ ಸಲ ಈ ಚೌಕದ ಸುತ್ತಮುತ್ತ ನಡೆಯುವ ಶೋಗಳನ್ನೇ ಹಾಕಿಕೊಳ್ಳಿ, ಚಳಿಯಲ್ಲಿ ಓಡಾಟ ತಪ್ಪುತ್ತೆ. ಬುಕ್ ಮಾಡುವಾಗ ಇಂಗ್ಲಿಷ್ ಸಬ್‌ಟೈಟಲ್ ಇದೆಯಾ ಅಂತ ನೋಡಿ. ಟೈಗರ್ ಸ್ಪರ್ಧೆ ಮತ್ತು ಮೊದಲ ಸಿನಿಮಾ ಮಾಡಿದವರಿಗೆಂದೇ ಇರುವ ಬ್ರೈಟ್ ಫ್ಯೂಚರ್ ವಿಭಾಗದಿಂದ ಶುರು ಮಾಡಿ. ದಿನಕ್ಕೆ ಎರಡು ಸಾಕು. ನಾಲ್ಕು ನೋಡಿದರೆ ಯಾವುದರ ಕಥೆ ಯಾವುದು ಅಂತಲೇ ಕಲಸಿಹೋಗುತ್ತೆ.

ನಿರ್ದೇಶಕರೇ ಬರುವ ಶೋ ಇದ್ದರೆ ಅದನ್ನೇ ಆರಿಸಿ, ಲೈಟ್ ಹಾಕಿದ ತಕ್ಷಣ ಎದ್ದು ಹೋಗಬೇಡಿ. ಮೊದಲ ಸಿನಿಮಾ ಮಾಡಿದವರು ಮೈಕ್ ಹಿಡಿದು ನಿಂತಿರುತ್ತಾರೆ. ದುಡ್ಡು ಎಲ್ಲಿಂದ ತಂದಿರಿ, ಆ ಅಜ್ಜಿ ನಿಜಕ್ಕೂ ನಟಿಯಾ, ಊರಿನವರು ಸಿನಿಮಾ ನೋಡಿ ಏನಂದರು ಅಂತ ಜನ ಕೇಳುತ್ತಾರೆ. ನಿಮಗೆ ಅರ್ಥ ಆಗದ್ದನ್ನ ನೀವೂ ಕೇಳಿ, ಸಂಕೋಚ ಬೇಡ. ಕಾರ್ಯಕ್ರಮ ಪಟ್ಟಿ ಬಂದ ಮೇಲೆ ಯಾವುದು ಆರಿಸೋದು ಅಂತ ಗೊಂದಲ ಆದರೆ ನಿಮಗೆ ಬಿಡುವಿರುವ ದಿನ ತಿಳಿಸಿ, ಕೂತು ನೋಡಿ ಹೇಳುತ್ತೇನೆ.