ಬಾಹ್ಯಾಕಾಶ ವೀರರ ಸಂಕಲನ ಕಾಮಿಕ್: ನಿಮ್ಮ ಪಿಚ್ ಓದಿ ಅನ್ನಿಸಿದ್ದು

ನಿಮ್ಮ ಮೂರು ಪುಟದ ಕರಡನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಐದು ಕತೆಗಳ ಒಂದು ಸಂಕಲನ. ಒಂದೊಂದು ಕತೆಗೂ ಹೆಚ್ಚು ಜನ ಮರೆತೇಬಿಟ್ಟಿರುವ ಒಬ್ಬೊಬ್ಬ ಬಾಹ್ಯಾಕಾಶದ ಸೂಪರ್‌ಹೀರೋ: ಕ್ವೇಸರ್, ಸ್ಟಾರ್‌ಹಾಕ್, ಜ್ಯಾಕ್ ಆಫ್ ಹಾರ್ಟ್ಸ್, ಆಡಮ್ ಸ್ಟ್ರೇಂಜ್, ಕ್ಯಾಪ್ಟನ್ ಕಾಮೆಟ್. ಪಿಚ್, ಅಂದರೆ ಪ್ರಕಾಶಕರಿಗೆ ಕಳಿಸುವ ಪ್ರಸ್ತಾವ, ಹೇಗೆ ಬರೆಯೋದು, ಯಾರಿಗೆ ಕಳಿಸೋದು ಅಂತ ಕೇಳಿದ್ದೀರಿ. ಈ ಪಾತ್ರಗಳನ್ನು ಇಷ್ಟು ಹಚ್ಚಿಕೊಂಡವರು ಇನ್ನೊಬ್ಬರು ಸಿಕ್ಕಿದ್ದು ನನಗೆ ತುಂಬಾ ಖುಷಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕಹಿ ಮಾತು ಮುಗಿಸಿಬಿಡುತ್ತೇನೆ. ಮೊದಲ ಮೂವರು ಅಮೆರಿಕದ ಕಾಮಿಕ್ ಕಂಪನಿ ಮಾರ್ವೆಲ್‌ನವರು, ಉಳಿದಿಬ್ಬರು ಅದರ ಪ್ರತಿಸ್ಪರ್ಧಿ ಡಿಸಿಯವರು. ಎರಡೂ ಕಂಪನಿ ಕೂತು ಒಪ್ಪಂದ ಮಾಡಿಕೊಳ್ಳದೆ ಇವರು ಒಂದೇ ಪುಸ್ತಕದಲ್ಲಿ ಬರುವಂತಿಲ್ಲ. ಜೊತೆಗೆ, ತಾವಾಗಿ ಕೇಳದೆ ಬಂದ ಸ್ಕ್ರಿಪ್ಟನ್ನು ಇಬ್ಬರೂ ಓದುವುದಿಲ್ಲ. ಬೇರೆ ಕಡೆ ನಿಮ್ಮ ಕೆಲಸ ಅಚ್ಚಾಗಿ, ಅದು ಅಲ್ಲಿನ ಎಡಿಟರ್ ಕಣ್ಣಿಗೆ ಬಿದ್ದ ಮೇಲೆ ಬಾಗಿಲು ತೆರೆಯಬಹುದು. ಹಾಗಾಗಿ ಈ ಐದು ಹೆಸರುಗಳನ್ನು ಇಟ್ಟುಕೊಂಡು ಪಿಚ್ ಕಳಿಸಬೇಡಿ.

ಆದರೆ ನಿಮ್ಮ ಐಡಿಯಾ ಇಲ್ಲಿಗೆ ಸಾಯುವುದಿಲ್ಲ. ಅಮೆರಿಕದಲ್ಲಿ 1963ರವರೆಗೆ ಅಚ್ಚಾದ ಪುಸ್ತಕಗಳ ಹಕ್ಕನ್ನು (ಕಾಪಿರೈಟ್) 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಅಷ್ಟು ಹೊತ್ತಿಗೆ ಎಷ್ಟೋ ಕಾಮಿಕ್ ಪ್ರಕಾಶಕರು ಅಂಗಡಿ ಮುಚ್ಚಿದ್ದರು. ನವೀಕರಿಸುವವರೇ ಇರಲಿಲ್ಲ. ಹೀಗೆ ಹಕ್ಕು ಮುಗಿದು, ಯಾರು ಬೇಕಾದರೂ ಬಳಸಬಹುದಾದ ವೀರರು ಬೇಕಾದಷ್ಟಿದ್ದಾರೆ. 1939ರಲ್ಲಿ ಫ್ಲೆಚರ್ ಹ್ಯಾಂಕ್ಸ್ ಬರೆದ ಸ್ಟಾರ್‌ಡಸ್ಟ್ ಇದ್ದಾನೆ. 1940ರಿಂದ 1953ರವರೆಗೆ 73 ಸಂಚಿಕೆ ಬಂದ ‘ಪ್ಲಾನೆಟ್ ಕಾಮಿಕ್ಸ್’ ಅಂತೂ ಒಂದು ಗಣಿ. 2008ರಲ್ಲಿ ಇಮೇಜ್ ಕಾಮಿಕ್ಸ್ ಅನ್ನೋ ಪ್ರಕಾಶನ ಇದನ್ನೇ ಮಾಡಿತು. ‘ಫ್ಯಾಂಟಾಸ್ಟಿಕ್ ಕಾಮಿಕ್ಸ್’ ಅನ್ನೋ ಹಳೆಯ ಪತ್ರಿಕೆ 23ನೇ ಸಂಚಿಕೆಗೆ ನಿಂತುಹೋಗಿತ್ತು. ಇವರು 24ನೆಯದನ್ನು ಹೊರತಂದರು, ಅದೇ ಹಳೆಯ ಪಾತ್ರಗಳು, ಒಬ್ಬೊಬ್ಬರದು ಒಂದೊಂದು ಕತೆ. ಸ್ಟಾರ್‌ಡಸ್ಟ್ ಅದರಲ್ಲಿ ಮರಳಿ ಬಂದ. ಒಂದು ಎಚ್ಚರಿಕೆ ಮಾತ್ರ ಇರಲಿ. ಕತೆಯ ಹಕ್ಕು ಮುಗಿದಿದ್ದರೂ ಹೆಸರು ಯಾರದೋ ಟ್ರೇಡ್‌ಮಾರ್ಕ್ ಆಗಿರಬಹುದು. ಹಳೆಯ ಕ್ಯಾಪ್ಟನ್ ಮಾರ್ವೆಲ್‌ನ ಪತ್ರಿಕೆಯನ್ನು ಡಿಸಿ 1973ರಲ್ಲಿ ‘ಶಜಾಮ್’ ಅಂತ ಹೆಸರಿಟ್ಟು ತಂದದ್ದು ಆ ಹೆಸರು ಅಷ್ಟು ಹೊತ್ತಿಗೆ ಮಾರ್ವೆಲ್ ಕಂಪನಿಯ ಕೈಸೇರಿದ್ದರಿಂದಲೇ. ಒಬ್ಬೊಬ್ಬ ವೀರನನ್ನೂ ಬೇರೆಬೇರೆಯಾಗಿ ತಪಾಸಣೆ ಮಾಡಿ, ಆಮೇಲೆ ಪಟ್ಟಿಗೆ ಸೇರಿಸಿ.

ಈಗ ನನಗೆ ನಿಜವಾಗಿ ಹೇಳಬೇಕಾದದ್ದು. ನಿಮ್ಮ ಕರಡಿನಲ್ಲಿ ವೀರರ ಶಕ್ತಿ ಇದೆ, ವೇಷ ಇದೆ, ಮೊದಲು ಬಂದ ಸಂಚಿಕೆ ನಂಬರ್ ಕೂಡ ಇದೆ. ಆದರೆ ಓದುಗನನ್ನು ಕಾಡುವ ಒಂದು ಪ್ರಶ್ನೆ ಇಲ್ಲ. ಪಾತ್ರ ಅಪರೂಪದ್ದು ಅಂದ ಮಾತ್ರಕ್ಕೆ ಎಡಿಟರ್ ಪುಟ ತಿರುಗಿಸುವುದಿಲ್ಲ ಅಲ್ವಾ? 1958ರಲ್ಲಿ ಬಂದ ಆಡಮ್ ಸ್ಟ್ರೇಂಜ್‌ನನ್ನೇ ನೋಡಿ. ಅವನಿಗೆ ಯಾವ ಅದ್ಭುತ ಶಕ್ತಿಯೂ ಇಲ್ಲ. ಆಲ್ಫಾ ಸೆಂಟಾರಿ ನಕ್ಷತ್ರದ ಒಂದು ಗ್ರಹದಿಂದ ಒಂದು ಕಿರಣ ಹೊರಟು ನಾಲ್ಕು ವರ್ಷಕ್ಕೂ ಮೇಲೆ ಪಯಣಿಸಿ ಭೂಮಿಗೆ ಬರುತ್ತದೆ. ಅದು ಎಲ್ಲಿ, ಯಾವ ಗಳಿಗೆಯಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿ ಓಡಿ ಹೋಗಿ ಅದರೊಳಗೆ ನೆಗೆದರೆ ಮಾತ್ರ ಅವನು ಆ ಗ್ರಹ ಮುಟ್ಟುತ್ತಾನೆ, ಅಲ್ಲಿ ಅವನು ಪ್ರೀತಿಸಿದ ಅಲಾನಾ ಸಿಗುತ್ತಾಳೆ. ಕಿರಣದ ಪ್ರಭಾವ ಇಳಿದಾಗ ನಿಂತ ನಿಲುವಲ್ಲೇ ಭೂಮಿಗೆ ವಾಪಸ್. ವಿಜ್ಞಾನದ ಒಂದು ನಿಯಮವೇ ಇಲ್ಲಿ ವಿರಹವಾಗಿದೆ. ಜ್ಯಾಕ್ ಆಫ್ ಹಾರ್ಟ್ಸ್ ಕೂಡ ಹಾಗೇ. ಮೈಯೊಳಗಿನ ಶಕ್ತಿ ಸಿಡಿಯದಿರಲಿ ಅಂತ ಅವನು ದಿನದ ಎಷ್ಟೋ ಹೊತ್ತು ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಇರಬೇಕಾಗಿ ಬಂತು. ನಿಮ್ಮ ಐದು ಕತೆಗಳಲ್ಲಿ ಪ್ರತಿಯೊಂದಕ್ಕೂ ಇಂಥದ್ದೊಂದು ಬೇಕು. ಶಕ್ತಿಯ ಬೆಲೆ ಏನು? ಅದನ್ನು ಒಂದು ಸಾಲಲ್ಲಿ ಹೇಳಲಾಗದಿದ್ದರೆ ಆ ವೀರನನ್ನು ಬಿಟ್ಟುಬಿಡಿ, ಎಷ್ಟೇ ಇಷ್ಟವಾದರೂ.

ಎರಡನೆಯದು, ಐದೂ ಕತೆಗಳನ್ನು ಕಟ್ಟುವ ದಾರ. ಅದಿಲ್ಲದಿದ್ದರೆ ಸುಮ್ನೆ ಐದು ಕತೆ ಒಟ್ಟಿಗೆ ಪಿನ್ ಹೊಡೆದಂತೆ. ನನಗೆ ಹೊಳೆದದ್ದು ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ‘ಪ್ಲಾನೆಟ್ ಕಾಮಿಕ್ಸ್’ನಲ್ಲಿ ಮಿಸ್ಟಾ ಅಂತ ಒಬ್ಬಳಿದ್ದಾಳೆ. ನಾಗರಿಕತೆ ಕುಸಿದ ಮೇಲೆ ಮನುಷ್ಯರ ಜ್ಞಾನವನ್ನೆಲ್ಲ ತಲೆಯಲ್ಲಿ ಹೊತ್ತು ಚಂದ್ರನ ಮೇಲೆ ಬದುಕುವವಳು. ಅವಳು ಒಂದು ಸಹಾಯದ ಕರೆ ಕಳಿಸಲಿ. ಕರೆ ಬೆಳಕಿನ ವೇಗದಲ್ಲೇ ಹೋಗಬೇಕು. ಆಲ್ಫಾ ಸೆಂಟಾರಿ ಮುಟ್ಟಲು 4 ವರ್ಷ ದಾಟುತ್ತದೆ. ಲುಬ್ಧಕಕ್ಕೆ 8.6, ಅಭಿಜಿತ್‌ಗೆ 25, ಸ್ವಾತಿಗೆ 37, ರೋಹಿಣಿಗೆ ಸುಮಾರು 65 ವರ್ಷ. ಒಂದೊಂದು ನಕ್ಷತ್ರದಲ್ಲಿ ಒಬ್ಬ ವೀರ. ಮೊದಲನೆಯವನು ಕೇಳಿದಾಗ ಮಿಸ್ಟಾ ಇನ್ನೂ ಹರೆಯದವಳು. ಕೊನೆಯವನು ಕೇಳಿ ಹೊರಡುವ ಹೊತ್ತಿಗೆ ಕರೆದವಳು ಇದ್ದಾಳೋ ಇಲ್ಲವೋ. ಅವನು ಆದರೂ ಹೊರಡುತ್ತಾನಾ? ನಾನಂತೂ ಆ ಕತೆಗಾಗಿಯೇ ಪುಸ್ತಕ ಕೊಳ್ಳುತ್ತೇನೆ.

ಪುಟದ ಲೆಕ್ಕವೂ ಕೂಡಿ ಬರುತ್ತದೆ. ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲಿರಬೇಕು, 48 ಇಟ್ಟುಕೊಳ್ಳಿ. ಎಂಟು ಪುಟದ ಐದು ಕತೆಗೆ 40. ಪ್ರತಿ ಕತೆಗೂ ಮುಂಚೆ ಮಿಸ್ಟಾಳ ಒಂದು ಪುಟ, ಕೊನೆಗೆ ಮೂರು. ಎಂಟು ಪುಟ ಅಂದರೆ ಸುಮಾರು 40 ಚೌಕ ಅಷ್ಟೇ. ಹಿನ್ನೆಲೆ ಹೇಳುತ್ತಾ ಕೂತರೆ ಮೂರನೇ ಪುಟದಲ್ಲೇ ಕತೆ ಸತ್ತುಹೋಗುತ್ತದೆ. ಪಾತ್ರ ಎಲ್ಲಿಂದ ಬಂತು ಅನ್ನೋದನ್ನು ಒಂದು ಚೌಕದಲ್ಲಿ ಮುಗಿಸಿ. ಕನ್ನಡದಲ್ಲೂ ತರುವ ಆಸೆ ಇದ್ದರೆ ಮಾತಿನ ಗುಳ್ಳೆಗಳನ್ನು ಈಗಲೇ ದೊಡ್ಡದು ಮಾಡಿಸಿ. ಇಂಗ್ಲಿಷ್ ಕಾಮಿಕ್‌ನಲ್ಲಿ ಬರೀ ದೊಡ್ಡಕ್ಷರ, ಸಾಲುಗಳನ್ನು ಒತ್ತಾಗಿ ಕೂರಿಸಬಹುದು. ನಮ್ಮಲ್ಲಿ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಸಾಲಿನ ನಡುವೆ ಜಾಸ್ತಿ ಜಾಗ ಬೇಕು.

ಪಿಚ್ ಕಾಗದ ಒಂದೇ ಪುಟ ಇರಲಿ. ಇಡೀ ಪುಸ್ತಕಕ್ಕೆ ಒಂದು ಸಾಲು, ದಾರ ಏನು ಅಂತ ಒಂದು ಪ್ಯಾರಾ, ಕತೆಗೆ ಮೂರು ಮೂರು ಸಾಲು. ಕೊನೆ ಏನಾಗುತ್ತದೆ ಅಂತ ಬಿಚ್ಚಿ ಹೇಳಿ, ಎಡಿಟರ್ ಹತ್ತಿರ ಗುಟ್ಟು ಇಡಬೇಡಿ. ಇಮೇಜ್‌ನಂಥವರು ಜೊತೆಗೆ ಇಂಕ್ ಮಾಡಿ ಅಕ್ಷರ ಕೂರಿಸಿದ ಕನಿಷ್ಠ ಐದು ಪುಟ, ಒಂದು ಮುಖಪುಟ ಕೇಳುತ್ತಾರೆ. ಕಳಿಸುವ ದಿನ ಅವರ ಈಗಿನ ನಿಯಮ ಓದಿಕೊಳ್ಳಿ.

ಕಲಾವಿದರ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಐದು ಜನ ಅಂದರೆ ಐದು ಕಡೆ ತಡವಾಗಬಹುದು. ನಾನು ಸೇರಿದ್ದ ಒಂದು ಸಂಕಲನ ನಾಲ್ಕು ಕತೆ ಸಿದ್ಧವಿದ್ದೂ ಐದನೆಯದಕ್ಕೆ ಕಾದು ಕಾದು ನಿಂತೇ ಹೋಯಿತು. ಯಾರಿಗೆ ಎಷ್ಟು ಹಣ, ಯಾವ ತಾರೀಕು, ಹಕ್ಕು ಯಾರದು ಅಂತ ಯಾರೂ ಬರೆದಿಟ್ಟಿರಲಿಲ್ಲ. ಇಬ್ಬರೇ ಕಲಾವಿದರಿಂದ ಐದೂ ಕತೆ ಮಾಡಿಸಿದರೂ ತಪ್ಪಿಲ್ಲ, ಆದರೆ ಮೊದಲ ಗೆರೆ ಎಳೆಯುವ ಮುಂಚೆ ಎಲ್ಲ ಬರವಣಿಗೆಯಲ್ಲಿರಲಿ.

ಐದನ್ನೂ ಒಟ್ಟಿಗೆ ಶುರು ಮಾಡಬೇಡಿ. ರೋಹಿಣಿಯ ಕತೆಯನ್ನೇ ಮೊದಲು ಬರೆಯಿರಿ, ಇಡೀ ಪುಸ್ತಕದ ಭಾರ ಅದರ ಮೇಲಿದೆ. ಎಂಟು ಪುಟದ ಸ್ಕ್ರಿಪ್ಟ್ ಆದ ಕೂಡಲೇ ಇಲ್ಲೇ ಹಾಕಿ. ಚೌಕ ಚೌಕವಾಗಿ ಓದಿ ಹೇಳುತ್ತೇನೆ.