ವಿಂಡೋಸ್‌ನಿಂದ ಲಿನಕ್ಸ್‌ಗೆ: ‘ನುಡಿ’ಯಲ್ಲಿ ಬರೆದಿಟ್ಟದ್ದು ಏನಾಗುತ್ತದೆ?

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಕನ್ನಡ ಅಧ್ಯಾಪಕಿ. 2016ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದೆ. ವಿಂಡೋಸ್ 11 ಹಾಕಲು ಈ ಯಂತ್ರ ತಕ್ಕುದಲ್ಲ ಎಂಬ ಸಂದೇಶ ಬರುತ್ತಿದೆ. ‘ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಿ ಅತ್ತೆ, ಖರ್ಚೇನೂ ಇಲ್ಲ’ ಎಂದು ಸೋದರಳಿಯ ಹೇಳುತ್ತಾನೆ. ಆದರೆ ಹದಿನೈದು ವರ್ಷಗಳ ಪಾಠದ ಟಿಪ್ಪಣಿಗಳು, ಲೇಖನಗಳು, ನಮ್ಮ ಸುತ್ತಿನ ಹಳ್ಳಿಗಳಲ್ಲಿ ಹಿರಿಯ ಹೆಂಗಸರಿಂದ ಕೇಳಿ ಬರೆದುಕೊಂಡ ಸೋಬಾನೆ ಹಾಡುಗಳು ಎಲ್ಲವೂ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದವು. ಅವನ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಕಡತ ತೆರೆದು ನೋಡಿದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ನಾನು ಬದಲಾಗಬೇಕೇ? ಬದಲಾದರೆ ಬರೆದಿಟ್ಟದ್ದು ಉಳಿಯುತ್ತದೆಯೇ?
— ನಿವೃತ್ತ ಅಧ್ಯಾಪಕಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಬರಹ ಎಲ್ಲಿಯೂ ಹೋಗಿಲ್ಲ, ಕೆಟ್ಟೂ ಇಲ್ಲ. ನೀವು ಕಂಡದ್ದು ಲಿನಕ್ಸ್‌ನ ದೋಷವಲ್ಲ. ಆ ಕಡತದೊಳಗೆ ಮೊದಲಿನಿಂದಲೂ ಇದ್ದದ್ದೇ ಅದು. ‘ಕನ್ನಡ’ ಎಂದು ನೀವು ಟೈಪಿಸಿದ್ದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೀಟು ಬಿದ್ದ ‘ಎ’, ನಡುವೆ ಬ್ರಿಟಿಷ್ ಪೌಂಡಿನ ಗುರುತು ಕಂಡಿರಬೇಕು. ಹಳೆಯ ಆಸ್ಕಿ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಇತರ ಅಕ್ಷರಗಳಿಗೆ ಮೀಸಲಾಗಿದ್ದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಕಡತದಲ್ಲಿ ಉಳಿಯುವುದು ಆ ಅಕ್ಷರಗಳ ಸಂಖ್ಯೆ ಮಾತ್ರ. ಅದನ್ನು ಕನ್ನಡವಾಗಿ ತೋರಿಸುವ ಕೆಲಸ ‘ನುಡಿ 01 ಇ’ಯಂತಹ ಫಾಂಟಿನದು. ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡವೂ ಇಲ್ಲ. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಹಾಗಲ್ಲ. ಅಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ತನ್ನದೇ ಸಂಖ್ಯೆಯಿದೆ, ಅದು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಮೊಬೈಲಿನಲ್ಲೂ ‘ಕ’ ಆಗಿಯೇ ಇರುತ್ತದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಈ ಸ್ಥಾನ ದೊರೆತಿದ್ದರೂ ನಮ್ಮ ಅಚ್ಚಿನ ಮನೆಗಳೂ ಕಚೇರಿಗಳೂ ಬಹುಕಾಲ ಹಳೆಯ ಫಾಂಟುಗಳಲ್ಲಿಯೇ ಕೆಲಸ ಮಾಡಿದವು. ಆದ್ದರಿಂದ ನಿಮ್ಮಂತೆ ಸಾವಿರಾರು ಪುಟ ಬರೆದಿಟ್ಟವರು ರಾಜ್ಯದ ಎಲ್ಲ ಕಡೆಯೂ ಇದ್ದಾರೆ. ಆ ಬರಹವೆಲ್ಲ ಒಂದು ಫಾಂಟಿನ ಆಸರೆಯಲ್ಲಿ ನಿಂತಿದೆ ಎನ್ನುವುದು ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುತ್ತದೆ.

ಹೀಗಾಗಿ ನೀವು ಲಿನಕ್ಸ್‌ಗೆ ಹೋಗುತ್ತೀರೋ ಇಲ್ಲವೋ, ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸುವ ಕೆಲಸವನ್ನು ಈಗಲೇ, ವಿಂಡೋಸ್ ಇನ್ನೂ ನಿಮ್ಮ ಕೈಯಲ್ಲಿರುವಾಗಲೇ ಮಾಡಿರಿ. ನುಡಿ ಮತ್ತು ಬರಹ ಎರಡು ತಂತ್ರಾಂಶಗಳಲ್ಲಿಯೂ ಪರಿವರ್ತಕಗಳಿವೆ. ಪರಿವರ್ತನೆ ನಿಮಿಷಗಳ ಕೆಲಸ, ತಿದ್ದುವುದು ದಿನಗಳ ಕೆಲಸ. ಅರ್ಕಾವೊತ್ತು ಇರುವ ‘ಸೂರ್ಯ’, ‘ಧರ್ಮ’ದಂತಹ ಪದಗಳಲ್ಲಿ ಅಕ್ಷರ ಸ್ಥಾನಪಲ್ಲಟವಾಗಿದೆಯೇ ನೋಡಬೇಕು. ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳಿದ್ದರೆ ಪರಿವರ್ತಕವು ಅವುಗಳನ್ನೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡಬಹುದು. ಪಾಠದ ಟಿಪ್ಪಣಿಯಲ್ಲಿ ಇಂತಹ ತಪ್ಪು ಕಣ್ಣಿಗೆ ಬೀಳುತ್ತದೆ, ಅರ್ಥದಿಂದ ಊಹಿಸಿ ಸರಿಪಡಿಸಬಹುದು. ಆದರೆ ಸೋಬಾನೆ ಹಾಡಿನಲ್ಲಿ ಆಡುಮಾತಿನ ರೂಪವೇ ಮುಖ್ಯ. ಹಾಡಿದಾಕೆ ಹೇಳಿದ್ದು ಹೇಗೆ ಎಂಬುದು ನಿಮ್ಮೊಬ್ಬರಿಗೇ ಗೊತ್ತು. ಆದ್ದರಿಂದ ಹಾಡುಗಳನ್ನೇ ಮೊದಲು ಪರಿವರ್ತಿಸಿ, ಮೂಲವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಸಾಲುಸಾಲಾಗಿ ಓದಿರಿ. ಪರಿವರ್ತನೆ ಮುಗಿದ ಮೇಲೂ ಮೂಲ ಕಡತಗಳನ್ನು ಅಳಿಸಬೇಡಿ. ಅವುಗಳ ಜೊತೆಗೆ ಆ ಫಾಂಟಿನ ಕಡತವನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಆ ಫಾಂಟನ್ನು ಸೇರಿಸಿದರೆ ಹಳೆಯ ಕಡತವನ್ನು ಓದುವುದಕ್ಕೆ ಅಡ್ಡಿಯಿಲ್ಲ.

ಇನ್ನು ಬದಲಾಗಬೇಕೇ ಎಂಬ ಪ್ರಶ್ನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಅಂದಿನಿಂದ ನಿಂತುಹೋಗುವುದಿಲ್ಲ, ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲ. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಪರಿಷ್ಕರಣೆಯ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಘಟಕವೂ, ಇಂಟೆಲ್ ಆದರೆ ಬಹುತೇಕ ಎಂಟನೆಯ ಅಥವಾ ನಂತರದ ತಲೆಮಾರಿನ ಪ್ರೊಸೆಸರೂ ಬೇಕು. 2016ರ ಯಂತ್ರದಲ್ಲಿ ಅಂತಹ ಪ್ರೊಸೆಸರ್ ಇರಲು ಸಾಧ್ಯವಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಬ್ಯಾಂಕಿನ ವ್ಯವಹಾರವನ್ನೂ ಇದೇ ಯಂತ್ರದಲ್ಲಿ ಮಾಡುವುದಾದರೆ ಲಿನಕ್ಸ್ ನಿಮಗೆ ಒಳ್ಳೆಯ ದಾರಿಯೆಂದೇ ನನ್ನ ಅಭಿಪ್ರಾಯ. ವಿಂಡೋಸ್‌ನಿಂದ ಬರುವವರಿಗೆ ನಾನು ಸಾಮಾನ್ಯವಾಗಿ ಹೇಳುವುದು ಲಿನಕ್ಸ್‌ನ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್ ಅನ್ನು. ಅದರ ಪರದೆಯ ವಿನ್ಯಾಸ ನೀವು ರೂಢಿಸಿಕೊಂಡದ್ದಕ್ಕೆ ಹತ್ತಿರವಾಗಿದೆ, 4 ಜಿಬಿ ರ‍್ಯಾಮ್‌ನಲ್ಲಿಯೂ ನಡೆಯುತ್ತದೆ. ಯಂತ್ರ ನಿಧಾನವೆಂಬ ಬೇಸರವೂ ಇದ್ದರೆ, ಅದಕ್ಕೆ ಕಾರಣ ಹೆಚ್ಚಾಗಿ ಆಪರೇಟಿಂಗ್ ಸಿಸ್ಟಂ ಅಲ್ಲ, ಹಳೆಯ ಹಾರ್ಡ್‌ಡಿಸ್ಕ್. ಅದನ್ನು ತೆಗೆಸಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿದರೆ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ.

ಹಾಕಿಸುವ ಮೊದಲು ಸೋದರಳಿಯನಿಂದ ಒಂದು ಪೆನ್‌ಡ್ರೈವ್‌ಗೆ ಮಿಂಟ್ ಬರೆಸಿಕೊಂಡು, ಅದರಿಂದಲೇ ಕಂಪ್ಯೂಟರನ್ನು ಆರಂಭಿಸಿ ಒಂದು ಮಧ್ಯಾಹ್ನ ಬಳಸಿ ನೋಡಿ. ಹೀಗೆ ಬಳಸುವಾಗ ನಿಮ್ಮ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ ಸಿಗುತ್ತದೆಯೇ, ಧ್ವನಿ ಕೇಳುತ್ತದೆಯೇ, ಮುಖ್ಯವಾಗಿ ನಿಮ್ಮ ಪ್ರಿಂಟರಿನಿಂದ ಒಂದು ಪುಟ ಹೊರಬರುತ್ತದೆಯೇ ಪರೀಕ್ಷಿಸಿ. ಕೆಲವು ಹಳೆಯ ಪ್ರಿಂಟರುಗಳು ಲಿನಕ್ಸ್‌ಗೆ ಒಗ್ಗುವುದಿಲ್ಲ. ಎಲ್ಲವೂ ಸರಿಯಿದ್ದರೆ, ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟ ಮೇಲೆಯೇ ಅನುಸ್ಥಾಪನೆಗೆ ಕೈಹಾಕಿರಿ. ‘ಡಿಸ್ಕನ್ನು ಅಳಿಸಿ ಲಿನಕ್ಸ್ ಹಾಕು’ ಎಂಬ ಆಯ್ಕೆಯಿರುವ ಪರದೆ ಬಂದಾಗ ನಿಧಾನಿಸಿ, ಎರಡು ಸಲ ಓದಿ. ನಾನು ಹಿಂದೊಮ್ಮೆ ಆ ಪರದೆಯಲ್ಲಿ ಅವಸರಪಟ್ಟು, ನಮ್ಮ ತಂದೆಯವರು ಟೈಪಿಸಿಟ್ಟಿದ್ದ ತೋಟದ ದಿನಚರಿಯ ಎರಡು ವರ್ಷಗಳ ಪುಟಗಳನ್ನು ಕಳೆದುಕೊಂಡೆ. ಅದರ ಪ್ರತಿ ಬೇರೆಲ್ಲಿಯೂ ಇರಲಿಲ್ಲ.

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದು, ಆರಂಭದ ತಿಂಗಳುಗಳಿಗೆ ಅದು ಒಳ್ಳೆಯದೇ. ಆಗ ಗಡಿಯಾರದ ವಿಷಯ ನೆನಪಿರಲಿ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಮರಳಿದಾಗ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಪರದೆಯ ಮೇಲೆ ನಾಲ್ಕೂವರೆ ಕಾಣಬಹುದು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ವೇಳೆಗೆ ಹೊಂದಿಸಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ವೇಳೆಯೆಂದು ಓದಿಕೊಳ್ಳುತ್ತದೆ. ಭಾರತದ ವೇಳೆ ಜಾಗತಿಕ ವೇಳೆಗಿಂತ ಐದೂವರೆ ಗಂಟೆ ಮುಂದಿರುವುದರಿಂದ ಅಷ್ಟೇ ವ್ಯತ್ಯಾಸ ಕಾಣುತ್ತದೆ. ಸ್ಥಳೀಯ ವೇಳೆಯನ್ನೇ ಇಟ್ಟುಕೊಳ್ಳುವಂತೆ ಲಿನಕ್ಸ್‌ಗೆ ಒಂದೇ ಸಾಲಿನ ಆದೇಶ ಕೊಟ್ಟರೆ ಸರಿಹೋಗುತ್ತದೆ, ಸೋದರಳಿಯನಿಗೆ ಅದು ಗೊತ್ತಿರುತ್ತದೆ.

ಟೈಪಿಸುವ ಅಭ್ಯಾಸವನ್ನು ನೀವು ಬಿಡಬೇಕಾಗಿಲ್ಲ. ‘ನುಡಿ’ಯ ಕೀಲಿಮಣೆಗೆ ಆಧಾರವಾದ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲಿಯೂ ಸಿಗುತ್ತದೆ. ಕೆ, ಎಫ್, ಕೆ ಎಂದು ಒತ್ತಿದರೆ ‘ಕ್ಕ’ ಮೂಡುವ ಕ್ರಮ ಅಲ್ಲಿಯೂ ಹಾಗೆಯೇ ಇದೆ. ವರ್ಡ್ ಬದಲಿಗೆ ಲಿಬ್ರೆಆಫೀಸ್ ಇರುತ್ತದೆ. ಪುಟಗಳ ಅಳತೆ ತುಸು ಆಚೀಚೆ ಆಗಬಹುದು, ಅಕ್ಷರಕ್ಕೆ ತೊಂದರೆಯಿಲ್ಲ.

ಪ್ರಶ್ನೆ: ನಮ್ಮ ಅಡಿಕೆ ಮಂಡಿಯ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಖರ್ಚು ಉಳಿಸಲು ಅಂಗಡಿಯ ಕಂಪ್ಯೂಟರಿಗೂ ಲಿನಕ್ಸ್ ಹಾಕಿಸಬಹುದೇ?
— ವರ್ತಕರು, ಚನ್ನಗಿರಿ

ಉತ್ತರ: ಬೇಡ. ಟ್ಯಾಲಿ ವಿಂಡೋಸ್‌ಗಾಗಿಯೇ ಇರುವ ತಂತ್ರಾಂಶ. ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶಗಳನ್ನು ನಡೆಸುವ ವೈನ್ ಎಂಬ ಸಾಧನವಿದೆ; ಆದರೆ ವರ್ಷದ ಲೆಕ್ಕವನ್ನು, ಜಿಎಸ್‌ಟಿ ವಿವರಗಳನ್ನು ಅದರ ಭರವಸೆಯ ಮೇಲೆ ಬಿಡುವುದು ವ್ಯಾಪಾರಸ್ಥರಿಗೆ ತಕ್ಕದ್ದಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರಂತೂ ಅದರ ಚಾಲಕ ತಂತ್ರಾಂಶವನ್ನು ಹೊಸದಾಗಿ ಹೊಂದಿಸುವ ತೊಡಕೂ ಸೇರುತ್ತದೆ. ಅಂಗಡಿಯ ಯಂತ್ರ ವಿಂಡೋಸ್ 11ಕ್ಕೆ ಅರ್ಹವಿದ್ದರೆ ಅದನ್ನೇ ಹಾಕಿಸಿ, ಇಲ್ಲದಿದ್ದರೆ ಹೊಸ ಯಂತ್ರ ಕೊಳ್ಳಿರಿ. ಹಳೆಯದಕ್ಕೆ ಲಿನಕ್ಸ್ ಹಾಕಿ ಮನೆಯಲ್ಲಿ ಮಕ್ಕಳ ಓದಿಗೆ ಕೊಡಬಹುದು.

ಪ್ರಶ್ನೆ: ಮಗಳಿಗೆ ಕಾಲೇಜಿಗೆಂದು ಮ್ಯಾಕ್‌ಬುಕ್ ಕೊಡಿಸಿದ್ದೇವೆ. ವಿಂಡೋಸ್‌ನಲ್ಲಿ ಬಳಸುತ್ತಿದ್ದ ಹೊರಗಿನ ಹಾರ್ಡ್‌ಡಿಸ್ಕಿನ ಫೋಟೊಗಳು ಅದರಲ್ಲಿ ಕಾಣುತ್ತವೆ, ಹೊಸದೇನನ್ನೂ ಹಾಕಲಾಗುತ್ತಿಲ್ಲ. ಡಿಸ್ಕ್ ಕೆಟ್ಟಿದೆಯೇ?
— ಓದುಗರು, ಮೈಸೂರು

ಉತ್ತರ: ಕೆಟ್ಟಿಲ್ಲ. ಆ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಮ್ಯಾಕ್ ಅದನ್ನು ಓದುತ್ತದೆ, ಅದರಲ್ಲಿ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಮಾದರಿಗೆ ಬದಲಿಸಿದರೆ ಎರಡೂ ಕಡೆ ಓದಲೂ ಬರೆಯಲೂ ಆಗುತ್ತದೆ. ಆದರೆ ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ, ಮೊದಲು ಫೋಟೊಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಸಿ, ನಾಲ್ಕಾರು ಫೋಟೊಗಳನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಕನ್ನಡದ ಕೀಲಿಮಣೆ ಮ್ಯಾಕ್‌ನಲ್ಲಿಯೇ ಅಡಕವಾಗಿದೆ, ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾಷೆಯನ್ನು ಸೇರಿಸಿಕೊಂಡರೆ ಸಾಕು. ನಕಲು ಮಾಡಲು, ಅಂಟಿಸಲು ಕಂಟ್ರೋಲ್ ಬದಲು ಕಮಾಂಡ್ ಕೀಲಿಯನ್ನು ಒತ್ತಬೇಕು. ಒಂದು ವಾರದಲ್ಲಿ ಬೆರಳಿಗೆ ಅದು ರೂಢಿಯಾಗುತ್ತದೆ.